ಮದುವೆ ವಿಡಿಯೋ ಎಡಿಟಿಂಗ್‌ಗೆ 1.5 ಲಕ್ಷದೊಳಗೆ ಯಾವ ಲ್ಯಾಪ್‌ಟಾಪ್? ಈಗಿರೋದು ತಡವರಿಸ್ತಿದೆ

ತೆಂಗಿನಗರಿ

ಎಲ್ಲರಿಗೂ ನಮಸ್ಕಾರ. ತಿಪಟೂರಲ್ಲಿ ಚಿಕ್ಕ ಸ್ಟುಡಿಯೋ ಇಟ್ಕೊಂಡಿದ್ದೇನೆ. ಮದುವೆ, ಗೃಹಪ್ರವೇಶ, ನಾಮಕರಣ ಎಲ್ಲ ಮಾಡುತ್ತೇವೆ. ವಿಡಿಯೋಗೆ ಡಾವಿಂಚಿ ರಿಸಾಲ್ವ್ ಸ್ಟುಡಿಯೋ (ದುಡ್ಡು ಕೊಟ್ಟು ತಗೊಂಡ ಲೈಸೆನ್ಸೇ), ಆಲ್ಬಮ್‌ಗೆ ಫೋಟೋಶಾಪ್, ಗಂಡು ಹೆಣ್ಣಿನ ಹೆಸರು ತಿರುಗೋ ತರಹದ ಟೈಟಲ್‌ಗೆ ಅಪರೂಪಕ್ಕೆ ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್.

ಈಗಿರೋದು ರೈಝೆನ್ 5 ಪ್ರೊಸೆಸರ್, ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ‍್ಯಾಮ್. ಹಳೇ ಕ್ಯಾಮೆರಾ ಇದ್ದಾಗ ಹೇಗೋ ನಡೀತಿತ್ತು. ಸೋನಿ ಎ7 ಮಾರ್ಕ್ 4 ತಗೊಂಡ ಮೇಲೆ ಟೈಮ್‌ಲೈನ್‌ನಲ್ಲಿ ಪ್ಲೇ ಒತ್ತಿದರೆ ಒಂದು ಫ್ರೇಮ್ ಬರುತ್ತೆ, ನಿಲ್ಲುತ್ತೆ, ಇನ್ನೊಂದು ಬರುತ್ತೆ. ಎರಡು ಕ್ಯಾಮೆರಾ ಒಟ್ಟಿಗೆ ಹಾಕಿ ಧಾರೆ ಕಟ್ ಮಾಡೋಕೆ ಕೂತರೆ ಫ್ಯಾನ್ ಶಬ್ದಕ್ಕೆ ಪಕ್ಕದ ಅಂಗಡಿಯವರು ಬಂದು ಕೇಳ್ತಾರೆ.

ಬಜೆಟ್ 1.5 ಲಕ್ಷ. ಅಂಗಡಿಯವರು ರೈಝೆನ್ 7 ಜೊತೆ ಆರ್‌ಟಿಎಕ್ಸ್ 4060 ಇರೋ ಗೇಮಿಂಗ್ ಲ್ಯಾಪ್‌ಟಾಪ್ ತಗೊಳ್ಳಿ, ಐದು ವರ್ಷ ತಿರುಗಿ ನೋಡಬೇಕಿಲ್ಲ ಅಂತಿದ್ದಾರೆ. ನಮ್ಮ ಭಾವಮೈದುನ ಮ್ಯಾಕ್‌ಬುಕ್ ಅಂತ ಹಟ ಹಿಡಿದಿದ್ದಾನೆ. ನನಗೆ ತಲೆ ಕೆಟ್ಟಿದೆ. ಬಳಸಿದವರು ಹೇಳಿ.

ರೆಂಡರ್‌ರಾಜ

4060 ಕಣ್ಮುಚ್ಚಿ ತಗೊಳ್ಳಿ ಗುರು. ಬ್ಲೆಂಡರ್ ಇದೆ ಅಂದ್ರೆ ಎನ್‌ವಿಡಿಯಾ (ಈ ಆರ್‌ಟಿಎಕ್ಸ್ ಮಾಡೋ ಕಂಪನಿ) ಬಿಟ್ಟು ಬೇರೆ ಮಾತೇ ಇಲ್ಲ. ಮ್ಯಾಕ್‌ಗೆ ಸುರಿಯೋ ದುಡ್ಡಲ್ಲಿ ಇದರ ಜೊತೆ ಒಂದು ಒಳ್ಳೆ ಮಾನಿಟರೂ ಬರುತ್ತೆ.

ಎಡಿಟ್‌ಮೇಜು

ಸ್ವಲ್ಪ ತಡೀರಿ, ಅಂಗಡಿಗೆ ಅಡ್ವಾನ್ಸ್ ಕೊಡಬೇಡಿ.

ನೀವೇ ಬರೆದಿದ್ದೀರಿ: ಹಳೇ ಕ್ಯಾಮೆರಾ ಇದ್ದಾಗ ನಡೀತಿತ್ತು, ಹೊಸದು ಬಂದ ಮೇಲೆ ನಿಂತಿತು. ಲ್ಯಾಪ್‌ಟಾಪ್ ಬದಲಾಗಿಲ್ಲ, ಫೈಲ್ ಬದಲಾಗಿದೆ. ನೀವು ಎಕ್ಸ್‌ಎವಿಸಿ ಎಚ್‌ಎಸ್‌ನಲ್ಲಿ (ಸೋನಿಯ ಎಚ್.265 ಫೈಲ್) 4ಕೆ 50ಪಿ, 4:2:2 (ಬಣ್ಣದ ಮಾಹಿತಿ ಜಾಸ್ತಿ ಇರೋ ಬಗೆ) 10 ಬಿಟ್ ಇಟ್ಟು ಶೂಟ್ ಮಾಡ್ತಿದ್ದೀರಿ ಅಂತ ನನ್ನ ಊಹೆ. ಯೂಟ್ಯೂಬ್‌ನಲ್ಲಿ ಎಲ್ಲರೂ ಅದನ್ನೇ ಇಡಿ ಅಂತಾರಲ್ಲ, ಅದಕ್ಕೆ.

ವಿಷಯ ಏನಂದ್ರೆ, ಎಚ್.265 ಫೈಲನ್ನು ಪ್ಲೇ ಮಾಡುವಾಗ ಪ್ರತಿ ಫ್ರೇಮನ್ನೂ ಬಿಚ್ಚಬೇಕು. ಅದಕ್ಕೆ ಅಂತಲೇ ಚಿಪ್‌ನಲ್ಲಿ ಒಂದು ಪುಟ್ಟ ಭಾಗ ಇರುತ್ತೆ, ಡಿಕೋಡರ್ ಅಂತ. ಅದು ಯಾವ ಬಗೆಯ ಫೈಲ್ ಬಿಚ್ಚಬಲ್ಲದು ಅನ್ನೋದು ಕಾರ್ಖಾನೆಯಲ್ಲೇ ತೀರ್ಮಾನ ಆಗಿಬಿಟ್ಟಿರುತ್ತೆ. ನಿಮ್ಮ 1650 ಎಚ್.265ನಲ್ಲಿ 4:2:0 (ಬಣ್ಣದ ಮಾಹಿತಿ ಕಮ್ಮಿ ಇರೋ ಬಗೆ) 10 ಬಿಟ್ ಆರಾಮಾಗಿ ಬಿಚ್ಚುತ್ತೆ. 4:2:2 ಬಂದ್ರೆ ಕೈ ಎತ್ತಿಬಿಡುತ್ತೆ. ಆಗ ಇಡೀ ಹೊರೆ ಸಿಪಿಯು ತಲೆ ಮೇಲೆ. ಫ್ಯಾನ್ ಕಿರುಚೋದು ಅದಕ್ಕೇ.

ಈಗ ಮಜಾ ಕೇಳಿ. ಆರ್‌ಟಿಎಕ್ಸ್ 4060ಗೂ 4:2:2 ಬರಲ್ಲ. 4090ಗೂ ಬರಲ್ಲ. ರೈಝೆನ್ ಒಳಗಿರೋ ಗ್ರಾಫಿಕ್ಸ್‌ಗೂ ಬರಲ್ಲ. ಅಂದ್ರೆ ಅಂಗಡಿಯವರು ಹೇಳಿದ ಲ್ಯಾಪ್‌ಟಾಪ್ ಮನೆಗೆ ತಂದು ಇದೇ ಫೈಲ್ ಹಾಕಿದರೆ ಸಿಪಿಯು ಜೋರಿರೋದರಿಂದ ಸ್ವಲ್ಪ ಸುಧಾರಿಸಬಹುದು, ಆದರೆ ನೀವು ಎಕ್ಸ್‌ಟ್ರಾ ದುಡ್ಡು ಕೊಟ್ಟ ಗ್ರಾಫಿಕ್ಸ್ ಕಾರ್ಡ್ ಈ ಕೆಲಸದಲ್ಲಿ ಸುಮ್ನೆ ಕೂತಿರುತ್ತೆ.

ಬರೋದು ಯಾವುದಕ್ಕೆ? ಇಂಟೆಲ್ 11ನೇ ಜನರೇಷನ್‌ನಿಂದ ಈಚೆಯ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಕ್ವಿಕ್ ಸಿಂಕ್‌ಗೆ (ಇಂಟೆಲ್ ಗ್ರಾಫಿಕ್ಸ್ ಒಳಗಿನ ಡಿಕೋಡರ್), 2025ರಲ್ಲಿ ಬಂದ ಆರ್‌ಟಿಎಕ್ಸ್ 50 ಸರಣಿಗೆ, ಮತ್ತೆ ಆಪಲ್ ಎಂ1ನಿಂದ ಮುಂದಕ್ಕೆ. ಮುಖ್ಯವಾಗಿ ಇವೇ.

ಮೊದಲು ಪರೀಕ್ಷೆ ಮಾಡಿ. ರಿಸಾಲ್ವ್‌ನಲ್ಲಿ ಒಂದು ಕ್ಲಿಪ್ ಪ್ಲೇ ಮಾಡ್ತಾ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಒಳಗೆ ಜಿಪಿಯು ನೋಡಿ. ಅಲ್ಲಿ ವಿಡಿಯೋ ಡಿಕೋಡ್ ಅಂತ ಒಂದು ಗ್ರಾಫ್ ಇರುತ್ತೆ. ಸಿಪಿಯು 100 ಹತ್ತಿರ ಇದ್ದು ಅದು ನೆಲ ಬಿಟ್ಟು ಏಳದಿದ್ದರೆ ನಾನು ಹೇಳಿದ್ದೇ ರೋಗ. ಆಮೇಲೆ ಕ್ಯಾಮೆರಾದಲ್ಲಿ 4:2:0 10 ಬಿಟ್‌ಗೆ ಬದಲಿಸಿ ಎರಡು ನಿಮಿಷ ಶೂಟ್ ಮಾಡಿ ಅದನ್ನೂ ಹಾಕಿ ನೋಡಿ. ದುಡ್ಡು ಖರ್ಚಿಲ್ಲ.

ರೆಂಡರ್‌ರಾಜ

4:2:0 ಇಟ್ರೆ ಬಣ್ಣ ಹೋಗಲ್ವಾ? ಲಕ್ಷಗಟ್ಟಲೆ ಕೊಟ್ಟು ಕ್ಯಾಮೆರಾ ತಂದು ಕ್ವಾಲಿಟಿ ಕಮ್ಮಿ ಮಾಡಿ ಅಂತ ಹೇಳೋದು ಯಾವ ಸೀಮೆ ಸಲಹೆ?

ಎಡಿಟ್‌ಮೇಜು

@ರೆಂಡರ್‌ರಾಜ ಬಣ್ಣದ ಆಳ ಇರೋದು 10 ಬಿಟ್‌ನಲ್ಲಿ, ಅದು ಹಾಗೇ ಉಳಿಯುತ್ತೆ. ಎಸ್-ಲಾಗ್ (ಸೋನಿಯ ಮಂಕು ಬಣ್ಣದ ಮೋಡ್) ಫೈಲಿನ ಬಣ್ಣ ತಿದ್ದುವಾಗ ಆಕಾಶದಲ್ಲಿ ಪಟ್ಟಿ ಬೀಳದ ಹಾಗೆ ಕಾಯೋದು ಅದೇ. 4:2:2ಗೂ 4:2:0ಗೂ ವ್ಯತ್ಯಾಸ ಇಷ್ಟು: ನಾಲ್ಕು ಪಿಕ್ಸೆಲ್‌ನ ಒಂದು ಚೌಕಕ್ಕೆ ಮೊದಲನೆಯದರಲ್ಲಿ ಬಣ್ಣದ ಮಾಹಿತಿ ಎರಡು ಸಲ, ಎರಡನೆಯದರಲ್ಲಿ ಒಂದು ಸಲ. ಬೆಳಕಿನ ಮಾಹಿತಿ ಎರಡರಲ್ಲೂ ಪೂರ್ತಿ. ಹಸಿರು ಪರದೆ ಹಾಕಿ ಕೂದಲಿನ ಅಂಚು ಕತ್ತರಿಸೋ ಕೆಲಸ ಇದ್ದರೆ 4:2:2 ಬೇಕೇ ಬೇಕು. ಪೆನ್‌ಡ್ರೈವ್‌ನಲ್ಲಿ ಕೊಟ್ಟು ಟಿವಿಯಲ್ಲಿ ನೋಡೋ ಮದುವೆ ವಿಡಿಯೋಗೆ ಗಿರಾಕಿ ಅಷ್ಟೇ ಅಲ್ಲ, ನೀವೂ ಗುರುತು ಹಿಡಿಯಲ್ಲ. ಹೇಗೂ ಕೊನೆಗೆ ಎಕ್ಸ್‌ಪೋರ್ಟ್ ಮಾಡೋದು 4:2:0ಗೇ.

ತೆಂಗಿನಗರಿ

@ಎಡಿಟ್‌ಮೇಜು ನೋಡಿದೆ ಸರ್. 4:2:2 ಕ್ಲಿಪ್‌ಗೆ ಸಿಪಿಯು ತುದಿ ಮುಟ್ಟಿ ಕೂತಿದೆ, ವಿಡಿಯೋ ಡಿಕೋಡ್ ಗೆರೆ ಸೊನ್ನೆಯಲ್ಲೇ ಮಲಗಿದೆ. 4:2:0 ಹಾಕಿದರೆ ಆ ಗೆರೆ ಮೇಲೆದ್ದಿತು, ಒಂದು ಕ್ಯಾಮೆರಾ ಆದ್ರೆ ನೀರು ಹರಿದ ಹಾಗೆ ಓಡುತ್ತೆ. ಎರಡು ಹಾಕಿ ಕಲರ್ ಮಾಡಿದರೆ ಮತ್ತೆ ಎಳೆಯುತ್ತೆ, ಆದರೆ ಮುಂಚಿನಷ್ಟಿಲ್ಲ.

ಆದರೂ ಹೊಸದು ಬೇಕೇ ಬೇಕು. ಇದರ ಹಿಂಜ್ ಬೇರೆ ಮುರಿದಿದೆ, ಇಟ್ಟಿಗೆ ಒರಗಿಸಿ ನಿಲ್ಲಿಸಿದ್ದೇನೆ. ಮತ್ತೆ ಈಗಾಗಲೇ ಶೂಟ್ ಮಾಡಿಟ್ಟಿರೋ 4:2:2 ಮದುವೆಗಳು ಬಾಕಿ ಇವೆ. ಅವಕ್ಕೆ ಏನು ಮಾಡಲಿ?

ಎಡಿಟ್‌ಮೇಜು

ಬಾಕಿ ಇರೋದಕ್ಕೆ ಪ್ರಾಕ್ಸಿ, ಅಂದ್ರೆ ಎಡಿಟ್ ಮಾಡೋಕೆ ಹಗುರವಾದ ನಕಲು ಫೈಲ್. ಮೀಡಿಯಾ ಪೂಲ್‌ನಲ್ಲಿ ಎಲ್ಲ ಕ್ಲಿಪ್ ಹಿಡಿದು ರೈಟ್ ಕ್ಲಿಕ್, ಜನರೇಟ್ ಪ್ರಾಕ್ಸಿ ಮೀಡಿಯಾ. ರಾತ್ರಿ ಹಚ್ಚಿ ಮಲಗಿ. ಬೆಳಗ್ಗೆ ಪ್ಲೇಬ್ಯಾಕ್ ಮೆನುವಿನಲ್ಲಿ ಪ್ರಿಫರ್ ಪ್ರಾಕ್ಸೀಸ್ ಇಟ್ಟು ಕಟ್ ಮಾಡಿ. ಎಕ್ಸ್‌ಪೋರ್ಟ್ ಮಾಡುವಾಗ ಪ್ರಾಕ್ಸಿ ಆಯ್ಕೆ ಟಿಕ್ ಮಾಡದಿದ್ದರೆ ಅಸಲಿ ಫೈಲ್‌ನಿಂದಲೇ ತಗೊಳ್ಳುತ್ತೆ.

ಹೊಸದು ಅಂದ್ರೆ ಇಂಟೆಲ್ ಜೊತೆ ಆರ್‌ಟಿಎಕ್ಸ್ 5060, 32 ಜಿಬಿ ರ‍್ಯಾಮ್. 5070ಗೆ ಆಸೆ ಪಡಬೇಡಿ. ಲ್ಯಾಪ್‌ಟಾಪ್‌ನಲ್ಲಿ 5060, 5070 ಎರಡಕ್ಕೂ ವಿಡಿಯೋ ಮೆಮೊರಿ 8 ಜಿಬಿಯೇ, 12 ಬರೋದು 5070 ಟಿಐಗೆ, ಅದು ನಿಮ್ಮ ಬಜೆಟ್ ಅಲ್ಲ. ಆ ವ್ಯತ್ಯಾಸದ ದುಡ್ಡನ್ನ ರ‍್ಯಾಮ್‌ಗೂ ಸ್ಕ್ರೀನ್‌ಗೂ ಹಾಕಿ.

ಇನ್ನೊಂದು, ಹೆಸರು ನೋಡಿ ಮರುಳಾಗಬೇಡಿ, ಗ್ರಾಫಿಕ್ಸ್ ಕಾರ್ಡ್ ಎಷ್ಟು ವ್ಯಾಟ್ ವಿದ್ಯುತ್ ಎಳೆಯುತ್ತೆ ಕೇಳಿ. 4060 ಅನ್ನೋ ಒಂದೇ ಹೆಸರಲ್ಲಿ 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಮಾರಿದ್ದಾರೆ. 5060ದೂ ಅದೇ ಕಥೆ. ತೆಳ್ಳಗೆ ಚಂದ ಇರೋ ಲ್ಯಾಪ್‌ಟಾಪ್‌ನಲ್ಲಿ ಸಾಮಾನ್ಯವಾಗಿ ಕಡಿಮೆ ವ್ಯಾಟ್‌ದು ಕೂತಿರುತ್ತೆ. ಕಂಪನಿ ಸೈಟಿನ ಸ್ಪೆಕ್ ಪುಟದ ಕೆಳಗಡೆ ಈ ವ್ಯಾಟನ್ನ ಟಿಜಿಪಿ ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಬರೆದಿಲ್ಲ ಅಂದ್ರೆ ನನಗೆ ಅನುಮಾನ.

ತಂದ ಮೇಲೆ ರಿಸಾಲ್ವ್‌ನ ಪ್ರಿಫರೆನ್ಸಸ್, ಡಿಕೋಡ್ ಆಪ್ಷನ್ಸ್‌ಗೆ ಹೋಗಿ ಎನ್‌ವಿಡಿಯಾ, ಕ್ವಿಕ್ ಸಿಂಕ್ ಟಿಕ್ ಆಗಿದೆಯಾ ನೋಡಿ. ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಗ್ರಾಫಿಕ್ಸ್ ಕಾರ್ಡ್ ಮಾತ್ರ ಬಳಸೋ ಒಂದು ಮೋಡ್ ಇರುತ್ತೆ. ಅದನ್ನ ಹಾಕಿದರೆ ಇಂಟೆಲ್ ಗ್ರಾಫಿಕ್ಸ್ ಮಾಯ, ಅದರ ಜೊತೆ ಕ್ವಿಕ್ ಸಿಂಕ್ ಕೂಡ. ಜಾಸ್ತಿ ಸ್ಪೀಡ್ ಸಿಗುತ್ತೆ ಅಂತ ಅಂಗಡಿ ಹುಡುಗರೇ ಅದನ್ನ ಹಾಕಿ ಕೊಟ್ಟಿರ್ತಾರೆ.

ಪುಣೆಕನ್ನಡಿಗ

ಭಾವಮೈದುನನ ಪರ ಯಾರೂ ಮಾತಾಡ್ತಿಲ್ಲ, ಪಾಪ. ನಾನು ಮಾತಾಡ್ತೀನಿ.

ಎಂ4 ಮ್ಯಾಕ್‌ಬುಕ್ ಏರ್ 2025ರ ಮಾರ್ಚ್‌ನಲ್ಲಿ 16 ಜಿಬಿ ಮೆಮೊರಿ ಜೊತೆ 99,900ಕ್ಕೆ ಬಂತು. 4:2:2 ಫೈಲ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ದೊಡ್ಡ ಲಾಭ ಬೇರೆ ಇದೆ: ಕರೆಂಟ್ ಹೋದಾಗ. ಗೇಮಿಂಗ್ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತ ಕ್ಷಣ ಅರ್ಧ ಜೀವ ಆಗಿಬಿಡುತ್ತೆ, ಬ್ಯಾಟರಿಯಿಂದ ಅಷ್ಟು ವ್ಯಾಟ್ ಎಳೆಯೋಕಾಗಲ್ಲ. ಮ್ಯಾಕ್ ಬ್ಯಾಟರಿಯಲ್ಲೂ ಅದೇ ವೇಗದಲ್ಲಿ ಓಡುತ್ತೆ. ಲೋಡ್ ಶೆಡ್ಡಿಂಗ್ ಇರೋ ಊರಲ್ಲಿ ಇದು ಸಣ್ಣ ಮಾತಲ್ಲ.

ಆದರೆ ಏರ್‌ನಲ್ಲಿ ಫ್ಯಾನ್ ಇಲ್ಲ. ಮೂರು ಗಂಟೆಯ ಮದುವೆ ಎಕ್ಸ್‌ಪೋರ್ಟ್‌ಗೆ ಹಾಕಿದರೆ ಬಿಸಿಯಾಗಿ ನಿಧಾನ ಆಗುತ್ತೆ. ಫ್ಯಾನ್ ಇರೋ ಪ್ರೋ 2025ರಲ್ಲಿ 1,69,900ರಿಂದ ಶುರು ಆಗ್ತಿತ್ತು, ಬಜೆಟ್ ಮೀರುತ್ತೆ. ಮತ್ತೆ ಕೊಂಡ ಮೇಲೆ ಮೆಮೊರಿ, ಸ್ಟೋರೇಜ್ ಯಾವುದನ್ನೂ ಹೆಚ್ಚಿಸೋಕಾಗಲ್ಲ. ಮೊದಲೇ ಯೋಚಿಸಿ ತಗೋಬೇಕು.

ಅಕ್ಷರಮಲ್ಲಿ

ಎಲ್ಲರೂ ವಿಡಿಯೋ ಹಿಂದೆ ಬಿದ್ದಿದ್ದೀರಿ, ಆಲ್ಬಮ್ ಬಗ್ಗೆ ಒಬ್ಬರೂ ಕೇಳಲಿಲ್ಲ. ನಾನು ಹುಬ್ಬಳ್ಳಿಯಲ್ಲಿ ಆಲ್ಬಮ್, ಲಗ್ನಪತ್ರಿಕೆ ಡಿಸೈನ್ ಮಾಡ್ತೀನಿ.

ತೆಂಗಿನಗರಿ ಅಣ್ಣಾ, ನಿಮಗೆ ಮ್ಯಾಟರ್ ಯಾವುದರಲ್ಲಿ ಬರುತ್ತೆ? ಪ್ರೆಸ್‌ನವರು ಈಗಲೂ ಹಳೇ ನುಡಿ (ಯೂನಿಕೋಡ್ ಅಲ್ಲದ) ಫಾಂಟ್‌ನಲ್ಲಿ ಟೈಪ್ ಮಾಡಿ ಕಳಿಸ್ತಾರಾ? ಹಾಗಿದ್ರೆ ಮ್ಯಾಕ್ ಬಗ್ಗೆ ಎರಡು ಸಲ ಯೋಚಿಸಿ. ಫಾಂಟ್ ಹಾಕಿಕೊಂಡರೆ ಬಂದಿದ್ದು ಕಾಣುತ್ತೆ, ಆದರೆ ಅದರಲ್ಲಿ ಒಂದು ಹೆಸರು ತಿದ್ದಬೇಕು ಅಂದ್ರೆ ನುಡಿ ತಂತ್ರಾಂಶ ಬೇಕು, ಅದು ವಿಂಡೋಸ್‌ಗೆ ಮಾಡಿದ್ದು. ರಾತ್ರಿ ಹತ್ತಕ್ಕೆ ಹುಡುಗಿ ಕಡೆಯವರು ಫೋನ್ ಮಾಡಿ ಅಜ್ಜನ ಹೆಸರಿನ ಇನಿಷಿಯಲ್ ತಪ್ಪಾಗಿದೆ ಅಂದಾಗ ಇದು ಗೊತ್ತಾಗುತ್ತೆ. ಯೂನಿಕೋಡ್‌ನಲ್ಲೇ ಕೆಲಸ ಅಂದ್ರೆ ಯಾವುದಾದರೂ ಸರಿ, ಎರಡರಲ್ಲೂ ಕನ್ನಡ ಕೀಲಿಮಣೆ ಇದೆ. ಹೊಸ ಯಂತ್ರದಲ್ಲಿ ಫೋಟೋಶಾಪ್ ಹಾಕಿದ ತಕ್ಷಣ ಕನ್ನಡದಂಥ ಲಿಪಿಯನ್ನ ಸರಿಯಾಗಿ ಜೋಡಿಸೋ ವರ್ಲ್ಡ್-ರೆಡಿ ಲೇಔಟ್ ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಒತ್ತಕ್ಷರ ಪಕ್ಕಕ್ಕೆ ಜಾರಿ ಲಕ್ಷ್ಮೀ ಅನ್ನೋದು ಚೂರುಚೂರಾಗಿ ಕೂರುತ್ತೆ. ಲ್ಯಾಪ್‌ಟಾಪ್ ಸರಿ ಇಲ್ಲ ಅಂತ ಅಂಗಡಿಗೆ ವಾಪಸ್ ಹೊತ್ತುಕೊಂಡು ಹೋದವರನ್ನ ನೋಡಿದ್ದೇನೆ.

ರ‍್ಯಾಮ್ 32 ಅಂದಿದ್ದು ಸರಿ. ಲೆಕ್ಕ ನೋಡಿ. 12×36 ಇಂಚಿನ ಶೀಟ್, 300 ಡಿಪಿಐ ಅಂದ್ರೆ 3600×10800 ಪಿಕ್ಸೆಲ್. ಪೂರ್ತಿ ತುಂಬಿದ ಒಂದು ಲೇಯರ್‌ಗೇ 8 ಬಿಟ್‌ನಲ್ಲಿ 110 ಎಂಬಿ ಮೇಲೆ ಬೇಕು. ನಾವು ಹಾಕೋದು ಹೂವು, ಬಾರ್ಡರ್, ನೆರಳು, ಮಂಜು ಅಂತ ಇಪ್ಪತ್ತು ಲೇಯರ್. ಜೊತೆಗೆ ಮೂರ್ನಾಲ್ಕು ಶೀಟ್ ಒಟ್ಟಿಗೆ ತೆರೆದಿರ್ತೀವಿ, ಹಿಂದೆ ರಿಸಾಲ್ವ್ ಓಡ್ತಿರುತ್ತೆ. 16 ಜಿಬಿ ಎಲ್ಲಿ ಸಾಕಾಗುತ್ತೆ ಹೇಳಿ.

ಸ್ಕ್ರೀನ್ ಮಾತ್ರ ದಯವಿಟ್ಟು ನೋಡಿ ತಗೊಳ್ಳಿ. ಕಡಿಮೆ ಬೆಲೆಯ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ 144 ಹರ್ಟ್ಝ್ ಅಂತ ದೊಡ್ಡದಾಗಿ ಬರೆದು, 45% ಎನ್‌ಟಿಎಸ್‌ಸಿ (ಬಣ್ಣದ ವ್ಯಾಪ್ತಿಯ ಅಳತೆ) ಅನ್ನೋದನ್ನ ಮೂಲೆಯಲ್ಲಿ ಬಚ್ಚಿಟ್ಟಿರ್ತಾರೆ. ಅದರಲ್ಲಿ ಎಸ್‌ಆರ್‌ಜಿಬಿಯ (ಸಾಮಾನ್ಯ ಫೋಟೋಗಳ ಬಣ್ಣದ ಅಳತೆ) ಮೂರರಲ್ಲಿ ಎರಡು ಪಾಲು ಬಣ್ಣ ಕಂಡರೆ ಹೆಚ್ಚು. ಧಾರೆ ಸೀರೆಯ ಮರೂನ್, ಹಣೆಯ ಕುಂಕುಮ ಎರಡೂ ಒಂದೇ ತರಹ ಮಂಕಾಗಿ ಕಾಣುತ್ತೆ. ನೀವು ಸ್ಯಾಚುರೇಷನ್ ಏರಿಸ್ತೀರಿ. ಪ್ರಿಂಟ್ ಬಂದಾಗ ಮದುಮಗಳ ಮುಖ ಟೊಮ್ಯಾಟೊ. 100% ಎಸ್‌ಆರ್‌ಜಿಬಿ ಅಂತ ಬರೆದಿರಬೇಕು, ಅದಕ್ಕಿಂತ ಕಡಿಮೆ ಬೇಡ. ಅಂಗಡಿಗೆ ಹೋಗುವಾಗ ನೀವೇ ಪ್ರಿಂಟ್ ಹಾಕಿಸಿದ ಒಂದು ಆಲ್ಬಮ್ಮೂ ಅದರ ಜೆಪಿಜಿಯೂ ತಗೊಂಡು ಹೋಗಿ ಪಕ್ಕ ಪಕ್ಕ ಇಟ್ಟು ನೋಡಿ.

ತೆಂಗಿನಗರಿ

@ಅಕ್ಷರಮಲ್ಲಿ ಅಕ್ಕಾ, ಸರಿಯಾದ ಜಾಗಕ್ಕೆ ಕೈ ಇಟ್ರಿ. ನಮ್ಮ ಪ್ರೆಸ್‌ನವರು ಇನ್ನೂ ನುಡಿನೇ. ಹಾಗಾದ್ರೆ ಮ್ಯಾಕ್ ಬಿಟ್ಟೆ, ಭಾವಮೈದುನನಿಗೆ ನಾನೇ ಹೇಳ್ತೀನಿ.

ಕೊನೇದಾಗಿ ಸ್ಟೋರೇಜ್. 512 ಸಾಕಾ, 1 ಟಿಬಿ ಬೇಕಾ? ಮತ್ತೆ ಬೆಂಗಳೂರಿಗೆ ಹೋಗಿ ಎಸ್‌ಪಿ ರೋಡಲ್ಲಿ ತಗೊಂಡ್ರೆ ಕಡಿಮೆ ಆಗುತ್ತಾ?

ಎಡಿಟ್‌ಮೇಜು

200 ಎಂಬಿಪಿಎಸ್‌ನಲ್ಲಿ ಶೂಟ್ ಮಾಡಿದ್ರೆ ಗಂಟೆಗೆ 90 ಜಿಬಿ. ಎರಡು ಕ್ಯಾಮೆರಾ ಮೂರು ಮೂರು ಗಂಟೆ ಅಂದ್ರೆ ಒಂದೇ ಮದುವೆ 540 ಜಿಬಿ. 512 ಯಾವ ಮೂಲೆಗೆ? 1 ಟಿಬಿ ಇರಲಿ, ಎರಡನೇ ಎಂ.2 ಸ್ಲಾಟ್ (ಎಸ್‌ಎಸ್‌ಡಿ ಕೂರಿಸೋ ಜಾಗ) ಖಾಲಿ ಇದೆಯಾ ಕೇಳಿ. ಫೂಟೇಜ್ ಹೊರಗಿನ ಎಸ್‌ಎಸ್‌ಡಿಯಲ್ಲಿ ಇಟ್ಟು ಎಡಿಟ್ ಮಾಡಿದರೂ ಏನೂ ತೊಂದರೆ ಇಲ್ಲ, ಒಂದು ಕ್ಯಾಮೆರಾ ಫೈಲ್‌ಗೆ ಸೆಕೆಂಡಿಗೆ ಬೇಕಾಗೋದು 25 ಎಂಬಿ ಅಷ್ಟೇ. ಆದರೆ ಡೆಲಿವರಿ ಆಗೋವರೆಗೂ ಇನ್ನೊಂದು ಹಾರ್ಡ್‌ಡಿಸ್ಕ್‌ನಲ್ಲಿ ಕಾಪಿ ಇರಲೇಬೇಕು. ಧಾರೆ ಎರಡನೇ ಸಲ ಎರೆಯೋಕಾಗಲ್ಲ.

ರೆಂಡರ್‌ರಾಜ

ಎಸ್‌ಪಿ ರೋಡಲ್ಲಿ ರ‍್ಯಾಮ್, ಎಸ್‌ಎಸ್‌ಡಿ ಚೌಕಾಸಿ ಮಾಡಬಹುದು. ಲ್ಯಾಪ್‌ಟಾಪ್‌ಗೆ ಆನ್‌ಲೈನ್ ರೇಟೂ ನೋಡಿಕೊಂಡು ಹೋಗಿ. ಎಲ್ಲಿ ತಗೊಂಡ್ರೂ ಮನೆಗೇ ಬಂದು ರಿಪೇರಿ ಮಾಡೋ ಆನ್‌ಸೈಟ್ ವಾರಂಟಿ ನಿಮ್ಮ ಪಿನ್‌ಕೋಡ್‌ಗೆ ಇದೆಯಾ ಅಂತ ಮೊದಲೇ ಕೇಳಿ. ಇಲ್ಲ ಅಂದ್ರೆ ಸೀಸನ್ ಮಧ್ಯದಲ್ಲಿ ಕೀಬೋರ್ಡ್ ಹೋದ್ರೂ ಬೆಂಗಳೂರಿಗೆ ಹೊರಬೇಕಾಗುತ್ತೆ.

ಸ್ಟುಡಿಯೋಗೆ ಜಿಎಸ್‌ಟಿ ನಂಬರ್ ಇದ್ರೆ ಬಿಲ್‌ನಲ್ಲಿ ಅದನ್ನ ಹಾಕಿಸಿ. ಲ್ಯಾಪ್‌ಟಾಪ್ ಮೇಲೆ 18%, ಒಂದೂವರೆ ಲಕ್ಷದ ಬಿಲ್‌ನಲ್ಲಿ ಸುಮಾರು 22,900 ತೆರಿಗೆನೇ ಇರುತ್ತೆ, ಇನ್‌ಪುಟ್ ಕ್ರೆಡಿಟ್ ಸಿಗುತ್ತೆ, ಅಂದ್ರೆ ನೀವು ಕಟ್ಟೋ ಜಿಎಸ್‌ಟಿಯಲ್ಲಿ ಅದನ್ನ ಕಳೆಯಬಹುದು. ಕಾಂಪೋಸಿಷನ್ ಸ್ಕೀಮ್‌ನಲ್ಲಿದ್ರೆ (ಸಣ್ಣ ವ್ಯಾಪಾರಿಗಳ ಸರಳ ತೆರಿಗೆ) ಸಿಗಲ್ಲ. ಬಿಲ್ ಇಲ್ಲದೆ ಎರಡು ಸಾವಿರ ಕಡಿಮೆಗೆ ಕೊಡ್ತೀನಿ ಅನ್ನೋ ಅಂಗಡಿಯಿಂದ ಎದ್ದು ಬನ್ನಿ.