ಹೊಸ ಕ್ಯಾಡಿಸ್ ಫ್ಲೈ ಎನ್ನಲು ಗಂಡಿನ ಹೊಟ್ಟೆಯ ತುದಿ ಒಂದೇ ಸಾಕಾ?

ಹೊಳೆಸಾಲು:
ಬ್ರೆಜಿಲ್‌ನ ತೊರೆಗಳಲ್ಲಿ ಸಿಕ್ಕ ಹೊಸ ಕ್ಯಾಡಿಸ್ ಫ್ಲೈಗಳ (ಮರಿಹುಳುವಾಗಿ ನೀರಲ್ಲಿ ಬೆಳೆದು, ರೆಕ್ಕೆ ಬಂದ ಮೇಲೆ ಹೊರಬರುವ ಕೀಟಗಳು) ಬಗ್ಗೆ ಪ್ರಬಂಧಗಳನ್ನು ಓದುತ್ತಿದ್ದೇನೆ. ಎಲ್ಲದರಲ್ಲೂ ಗಂಡಿನ ಹೊಟ್ಟೆಯ ತುದಿಯ ಚಿತ್ರಗಳೇ ಜಾಸ್ತಿ, ಬಣ್ಣ, ರೆಕ್ಕೆಗೆ ನಾಲ್ಕು ಸಾಲು. ಹೆಣ್ಣು, ಮರಿಹುಳು ಇನ್ನೂ ಸಿಕ್ಕಿಲ್ಲ ಎಂದು ಬರೆದು ಮುಗಿಸುತ್ತಾರೆ. ಇಷ್ಟರಿಂದಲೇ ಹೊಸದು ಎಂದು ಹೇಳಬಹುದಾ? ಡಿಎನ್‌ಎ ನೋಡಿದರೆ ಸುಲಭ ಅಲ್ವಾ?

ದೀಪದ ಹುಳು:
ಕ್ಯಾಡಿಸ್ ಫ್ಲೈಗಳಲ್ಲಿ ಸ್ಮಿಕ್ರಿಡಿಯಾ ಎಂಬ ಕುಲವನ್ನೇ ತಗೊಳ್ಳಿ. ದಕ್ಷಿಣ ಅಮೆರಿಕದಲ್ಲಿ ಇದರ ಪ್ರಭೇದಗಳು ತುಂಬಾ ಇವೆ, ಹೊರಗಿಂದ ನೋಡಿದರೆ ಹೆಚ್ಚಿನವು ಕಂದು ಬಣ್ಣದ ಪುಟ್ಟ ಹುಳುಗಳು. ಸಂಜೆ ತೊರೆಯ ಪಕ್ಕ ಅತಿನೇರಳೆ ದೀಪ ಇಟ್ಟರೆ ಒಂದೇ ರಾತ್ರಿ ಹಲವು ಪ್ರಭೇದಗಳು ಒಟ್ಟಿಗೆ ಬಂದು ಬೀಳುತ್ತವೆ. ಬೇರೆ ಮಾಡುವುದು ಹೇಗೆ? ಗಂಡಿನ ಹೊಟ್ಟೆಯನ್ನು ಬಿಡಿಸಿ ಲ್ಯಾಕ್ಟಿಕ್ ಆಸಿಡ್‌ನಲ್ಲೋ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲೋ ಬಿಸಿ ಮಾಡಬೇಕು. ಮೆತ್ತಗಿನ ಭಾಗ ಕರಗಿ ಗಟ್ಟಿ ಭಾಗ ಉಳಿಯುತ್ತದೆ. ಅದನ್ನು ಗ್ಲಿಸರಿನ್‌ನಲ್ಲಿಟ್ಟು ಪಕ್ಕದಿಂದ, ಮೇಲಿಂದ, ಕೆಳಗಿಂದ ತಿರುಗಿಸಿ ನೋಡಿ ಚಿತ್ರ ಬರೆಯುತ್ತಾರೆ. ಕೊಕ್ಕೆ, ಮುಳ್ಳು, ಮಡಿಕೆ, ಎಲ್ಲ ಅಲ್ಲೇ ಇರುತ್ತವೆ. ಒಂದೇ ಪ್ರಭೇದದ ಗಂಡುಗಳಲ್ಲಿ ಅವು ಹೆಚ್ಚು ಕಡಿಮೆ ಒಂದೇ ತರಹ, ಬೇರೆ ಪ್ರಭೇದದಲ್ಲಿ ಬೇರೆ. ಅದಕ್ಕೇ ಅಷ್ಟು ಚಿತ್ರಗಳು.

ಹಳೇ ಹೆಸರು:
ಚಿತ್ರ ಬರೆಯುವುದು ಅರ್ಧ ಕೆಲಸ. ಇದಕ್ಕೆ ಯಾರೂ ಈಗಾಗಲೇ ಹೆಸರಿಟ್ಟಿಲ್ಲ ಎಂದು ತೋರಿಸುವುದು ಉಳಿದರ್ಧ, ನನ್ನ ಪ್ರಕಾರ ಅದೇ ಕಷ್ಟ. ಜರ್ಮನಿಯ ಜೀವವಿಜ್ಞಾನಿ ಫ್ರಿಟ್ಸ್ ಮ್ಯುಲ್ಲರ್ 1852ರಲ್ಲಿ ಬ್ರೆಜಿಲ್‌ನ ಸಾಂಟಾ ಕಟರೀನಾದ ಬ್ಲುಮೆನಾವ್‌ಗೆ ಬಂದರು. ಅವರು ಕ್ಯಾಡಿಸ್ ಮರಿಹುಳುಗಳ ಗೂಡುಗಳನ್ನು ಎಷ್ಟು ಪ್ರೀತಿಯಿಂದ ನೋಡಿದರೆಂದರೆ, ಎಲೆ ಕತ್ತರಿಸಿ ರೇಷ್ಮೆಯಿಂದ ಹೊಲಿದು ಗೂಡು ಮಾಡುವ ಫಿಲ್ಲೋಯಿಕಸ್‌ನಂಥ ಕುಲಗಳಿಗೆ ಹೆಸರಿಟ್ಟವರೇ ಅವರು. ಆದರೆ ಗೂಡಿನ ಮೇಲೆ ನಿಂತ ಹೆಸರನ್ನು ಇವತ್ತಿನ ರೆಕ್ಕೆ ಬಂದ ಗಂಡಿಗೆ ಹೊಂದಿಸುವುದು ಹೇಗೆ? ಅಮೆರಿಕದ ಸ್ಮಿತ್ಸೋನಿಯನ್ ಮ್ಯೂಸಿಯಂನ ಆಲಿವರ್ ಫ್ಲಿಂಟ್ ಅವರು ಉಲ್ಮರ್‌ನಂಥ ಹಿಂದಿನ ಕೀಟತಜ್ಞರ ಮೂಲ ಮಾದರಿಗಳನ್ನು (ಹೆಸರಿಡುವಾಗ ಆಧಾರವಾಗಿದ್ದ ಹುಳುಗಳನ್ನು) ಮತ್ತೆ ನೋಡಿ ಚಿತ್ರ ಬರೆದು ಕೊಟ್ಟ ಮೇಲೆ ತುಂಬಾ ಗೊಂದಲ ತಗ್ಗಿತು. 2017ರಲ್ಲಿ ಹೋಲ್ಜೆಂಥಾಲ್ ಮತ್ತು ಕಾಲೋರ್ ಮಾಡಿದ ಪಟ್ಟಿಯಲ್ಲಿ ಮಧ್ಯ ಮತ್ತು ದಕ್ಷಿಣ ಅಮೆರಿಕದ ಕ್ಯಾಡಿಸ್ ಫ್ಲೈಗಳ ಮೂರು ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಅದನ್ನು ಪಕ್ಕದಲ್ಲಿಟ್ಟುಕೊಳ್ಳದೆ ಶುರು ಮಾಡಬೇಡಿ.

ಕೂಡುಗಲ್ಲು:
ಡಿಎನ್‌ಎ ಬಗ್ಗೆ ಹೇಳುತ್ತೇನೆ. ಹಳೆಯ ಎಷ್ಟೋ ಪ್ರಭೇದಗಳ ಡಿಎನ್‌ಎ ಓದಿಯೇ ಇಲ್ಲ, ಹಾಗಿರುವಾಗ ಹೋಲಿಸುವುದು ಯಾವುದರ ಜೊತೆ? ಆದರೆ ಹೆಣ್ಣನ್ನೋ ಮರಿಹುಳುವನ್ನೋ ಗಂಡಿಗೆ ಜೋಡಿಸಲು ಅದು ತುಂಬಾ ಉಪಯೋಗ. ಇನ್ನೊಂದು ದಾರಿ ನನಗೆ ಬಹಳ ಇಷ್ಟ: ಹೊರಬರಲು ಸಿದ್ಧವಾದ ಪ್ಯೂಪಾ (ಮರಿಹುಳು ರೆಕ್ಕೆಯ ಹುಳುವಾಗುವ ನಡುವಿನ ಹಂತ) ಹುಡುಕಿ. ಗಂಡಾಗಿದ್ದರೆ ಒಳಗೆ ಹೊಟ್ಟೆಯ ತುದಿ ಪೂರ್ತಿ ಬೆಳೆದಿರುತ್ತದೆ, ಕೆಲವು ಕುಟುಂಬಗಳಲ್ಲಿ ಮರಿಹುಳು ಕಳಚಿದ ಚರ್ಮದ ಗಟ್ಟಿ ತುಣುಕುಗಳೂ ಅದೇ ಗೂಡಲ್ಲಿ ಉಳಿದಿರುತ್ತವೆ. ಎರಡೂ ಒಂದೇ ಜೀವಿಯದು, ಅನುಮಾನವೇ ಇಲ್ಲ.

ಹೊಳೆಸಾಲು:
ತುಂಬಾ ಥ್ಯಾಂಕ್ಸ್. ಒಂದೇ ಒಂದು ಗಂಡು ಸಿಕ್ಕರೆ?

ಹಳೇ ಹೆಸರು:
ಪ್ರಾಣಿಗಳಿಗೆ ಹೆಸರಿಡುವ ನಿಯಮ ಒಪ್ಪುತ್ತದೆ, ಹೋಲೋಟೈಪ್ ಅಂದರೆ ಹೆಸರಿಗೆ ಆಧಾರವಾಗಿಡುವ ಹುಳು, ಅದು ಹೇಗೂ ಒಂದೇ ಮಾದರಿ. ಆದರೆ ಆ ಮುಳ್ಳು ಪ್ರಭೇದದ್ದಾ, ಅಥವಾ ಆ ಒಂದು ಹುಳುವಿನದ್ದು ಮಾತ್ರವಾ ಎಂದು ಒಂದರಿಂದ ತಿಳಿಯುವುದಿಲ್ಲ. ಸಾಧ್ಯವಾದರೆ ಅದೇ ತೊರೆಗೆ ಮತ್ತೆ ಹೋಗಿ ಇನ್ನಷ್ಟು ಹಿಡಿಯಿರಿ. ಮಾದರಿಗಳನ್ನು ಮನೆಯಲ್ಲಿ ಇಟ್ಟುಕೊಳ್ಳದೆ ಸಾವೊ ಪಾಲೊ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ಮ್ಯೂಸಿಯಂನಂಥ ಜಾಗಕ್ಕೆ ಕೊಡಿ. ಬಿಡಿಸಿದ ಹೊಟ್ಟೆ ಇಟ್ಟ ಪುಟ್ಟ ಶೀಶೆ ಉಳಿದ ಹುಳುವಿನಿಂದ ಬೇರೆಯಾಗಬಾರದು.