ನೈಜೆಲ್ ಫರಾಜ್ ರಾಜಕಾರಣಿನಾ, ಟಿವಿ ಆಂಕರಾ?

ಕಾಫಿಪುಡಿ:
ಯೂಟ್ಯೂಬ್‌ನಲ್ಲಿ ಬ್ರಿಟನ್ನಿನ ಜಿಬಿ ನ್ಯೂಸ್ ಚಾನೆಲ್ಲಿನ ತುಣುಕುಗಳು ದಿನಾ ಬಂದು ಬೀಳುತ್ತವೆ. ಅಲ್ಲಿ ಕೂತು ಊರಿಗೆಲ್ಲಾ ವಿಮರ್ಶೆ ಹೇಳುವ ಫರಾಜ್ ಸ್ವತಃ ರಿಫಾರ್ಮ್ ಅನ್ನೋ ಪಕ್ಷದ ನಾಯಕ, ಸಂಸದ ಕೂಡ. ಬ್ರೆಕ್ಸಿಟ್, ಅಂದರೆ ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟದ್ದು, ಮಾಡಿಸಿದ್ದು ಇವನೇ ಅಂತಾರೆ, ಆದರೆ ಆಗ ಬ್ರಿಟಿಷ್ ಸಂಸತ್ತಿಗೆ ಒಮ್ಮೆಯೂ ಗೆದ್ದಿರಲಿಲ್ಲವಂತೆ. ಗೆಲ್ಲದೆ ಅಷ್ಟು ಪ್ರಭಾವ ಹೇಗೆ ಬಂತು? ರಾಜಕೀಯ ಸಾಕಾಗಿ ಟಿವಿಗೆ ಹೋದನಾ?

ಹಳೇ_ಲಂಡನ್ನಿಗ:
ಸಾಕಾಗಿ ಹೋದದ್ದಲ್ಲ. ಮೈಕ್ ಮೊದಲಿಂದಲೂ ಕೈಲಿತ್ತು, ವೆಸ್ಟ್‌ಮಿನ್‌ಸ್ಟರಿನಲ್ಲಿ (ಬ್ರಿಟಿಷ್ ಸಂಸತ್ತಿನಲ್ಲಿ) ಸೀಟು ಇರಲಿಲ್ಲ, ಅಷ್ಟೇ. ಲಂಡನ್ ಲೋಹದ ಪೇಟೆಯಲ್ಲಿ ವ್ಯಾಪಾರ ಮಾಡಿಕೊಂಡಿದ್ದವನು. ಯುರೋಪಿಯನ್ ಒಕ್ಕೂಟವನ್ನು ಹುಟ್ಟುಹಾಕಿದ ಮಾಸ್ಟ್ರಿಕ್ಟ್ ಒಪ್ಪಂದದ ಸಿಟ್ಟಿಗೆ 1992ರಲ್ಲಿ ಕನ್ಸರ್ವೇಟಿವ್ ಪಕ್ಷ ಬಿಟ್ಟ. ಮರುವರ್ಷ ಒಕ್ಕೂಟ ಬಿಡಬೇಕು ಅನ್ನುವ ಯುಕಿಪ್ ಪಕ್ಷ ಕಟ್ಟಿದವರಲ್ಲಿ ಒಬ್ಬನಾದ. 1999ರಿಂದ 2020ರವರೆಗೆ ಯುರೋಪಿಯನ್ ಪಾರ್ಲಿಮೆಂಟಿನ ಸದಸ್ಯ. ಯಾವ ಮನೆ ಬಿಡಬೇಕು ಅಂತ ಕೂಗಾಡಿದನೋ ಅದೇ ಮನೆಯಲ್ಲಿ ಇಪ್ಪತ್ತು ವರ್ಷ ಸಂಬಳ ಎಣಿಸಿದ! 2010ರಲ್ಲಿ ಅಲ್ಲಿ ಯುರೋಪಿಯನ್ ಕೌನ್ಸಿಲ್ ಅಧ್ಯಕ್ಷ ಹರ್ಮನ್ ವಾನ್ ರೊಂಪೈ ಅವರನ್ನು ಒದ್ದೆ ಬಟ್ಟೆಗೆ ಹೋಲಿಸಿ ದಂಡ ಹಾಕಿಸಿಕೊಂಡ. ಆ ವಿಡಿಯೋ ಎಲ್ಲೆಲ್ಲೂ ಓಡಿತು.

ಸೀಟಿನ ವಿಷಯ ಅಂದರೆ, ಯುರೋಪಿನ ಪಾರ್ಲಿಮೆಂಟಿಗೆ ಬಿದ್ದ ವೋಟಿನ ಪ್ರಮಾಣಕ್ಕೆ ತಕ್ಕ ಸೀಟು ಸಿಗ್ತಿತ್ತು. ವೆಸ್ಟ್‌ಮಿನ್‌ಸ್ಟರಿಗೆ ನಮ್ಮ ಲೋಕಸಭೆ ಥರಾನೇ, ಕ್ಷೇತ್ರದಲ್ಲಿ ಯಾರಿಗೆ ಜಾಸ್ತಿಯೋ ಅವರು. 2014ರ ಯುರೋಪ್ ಚುನಾವಣೆಯಲ್ಲಿ ಯುಕಿಪ್ 24 ಸೀಟಿನೊಂದಿಗೆ ಮೊದಲ ಸ್ಥಾನ. ಮರುವರ್ಷ ಸಾರ್ವತ್ರಿಕ ಚುನಾವಣೆಯಲ್ಲಿ ಸುಮಾರು 39 ಲಕ್ಷ ವೋಟು ಬಿದ್ದೂ ದಕ್ಕಿದ್ದು ಒಂದೇ ಸೀಟು, ಅದೂ ಇವನದ್ದಲ್ಲ. ಆದರೆ ನಮ್ಮ ವೋಟು ಒಡೀತಾನೆ ಅನ್ನೋ ಭಯ ಕನ್ಸರ್ವೇಟಿವ್‌ಗಳಿಗೆ ಮೊದಲೇ ಹತ್ತಿತ್ತು. ಆಗಿನ ಪ್ರಧಾನಿ, ಕನ್ಸರ್ವೇಟಿವ್ ನಾಯಕ ಕ್ಯಾಮರೂನ್ 2013ರಲ್ಲಿ ಒಕ್ಕೂಟದಲ್ಲಿ ಇರಬೇಕಾ ಬೇಡವಾ ಅನ್ನೋ ಜನಮತ ಸಂಗ್ರಹಕ್ಕೆ ಮಾತು ಕೊಟ್ಟದ್ದರ ಹಿಂದೆ ಅದೂ ಒಂದು ಕಾರಣ.

ಟಿವಿಹುಳ:
ಮುಂದಿನ ಕಥೆ ನಾನು ಹೇಳ್ತೀನಿ. 2017ರಿಂದ 2020ರವರೆಗೆ ಎಲ್‌ಬಿಸಿ ರೇಡಿಯೋದಲ್ಲಿ ಶೋ, 2021ರಿಂದ ಜಿಬಿ ನ್ಯೂಸ್. 2023ರ ಕೊನೆಗೆ ಆಸ್ಟ್ರೇಲಿಯಾದ ಕಾಡಿನಲ್ಲಿ ಹುಳುಹುಪ್ಪಟೆ ನಡುವೆ ನಡೆಯುವ ಒಂದು ರಿಯಾಲಿಟಿ ಶೋ (ನಮ್ಮ ಬಿಗ್ ಬಾಸ್ ಕಾಡಿಗೆ ಹೋದರೆ ಹೇಗೋ ಹಾಗೆ), ಮೂರನೇ ಸ್ಥಾನ. 2024ರ ಮೇನಲ್ಲಿ ಚುನಾವಣೆಗೆ ನಿಲ್ಲಲ್ಲ ಅಂದ. ಜೂನ್ 3ಕ್ಕೆ ನಿಲ್ತೀನಿ ಅಂದ. ಜುಲೈ 4ಕ್ಕೆ ಕ್ಲಾಕ್ಟನ್ ಕ್ಷೇತ್ರದಲ್ಲಿ ಗೆದ್ದ. ಅದು ಎಂಟನೇ ಪ್ರಯತ್ನ!

ಸಂಸದನಾದ ಮೇಲೂ ಶೋ ನಿಲ್ಲಲಿಲ್ಲ. ಟಿವಿ, ರೇಡಿಯೋ ಮೇಲೆ ಕಣ್ಣಿಡುವ ಅಲ್ಲಿನ ಸಂಸ್ಥೆ ಆಫ್‌ಕಾಮ್‌ನ ನಿಯಮದಲ್ಲಿ ರಾಜಕಾರಣಿ ಸಾಮಾನ್ಯವಾಗಿ ನ್ಯೂಸ್ ಓದುವ ಹಾಗಿಲ್ಲ, ಆದರೆ ಚರ್ಚಾ ಕಾರ್ಯಕ್ರಮ ನಡೆಸಬಹುದು. ಚುನಾವಣೆಗೆ ನಿಂತಾಗ ಮಾತ್ರ ಕುರ್ಚಿ ಬಿಡಬೇಕು. ಸುದ್ದಿಗೂ ಚರ್ಚೆಗೂ ಇರುವ ಗೆರೆ ನೋಡುವವರಿಗೆ ಕಾಣುತ್ತಾ ಅನ್ನೋದೇ ನನ್ನ ಪ್ರಶ್ನೆ.

ಬಿಸಿಬೇಳೆ_ರೀಡಿಂಗ್:
ಕಾಮೆಂಟೇಟರ್‌ಗೆ ಲೆಕ್ಕ ಕೊಡುವ ಕೆಲಸವಿಲ್ಲ, ಅದೇ ಅವನ ಸುಖ. 2025ರ ಮೇನಲ್ಲಿ ಅವನ ರಿಫಾರ್ಮ್ ಪಕ್ಷ ಕೆಂಟ್ ಸೇರಿ ಹತ್ತು ಸ್ಥಳೀಯ ಕೌನ್ಸಿಲ್ ಹಿಡಿಯಿತು. ಈಗ ಅಲ್ಲಿನ ರಸ್ತೆ ಗುಂಡಿ, ವಯಸ್ಸಾದವರ ಆರೈಕೆ ಎಲ್ಲಾ ಅವರ ತಲೆ ಮೇಲೆ. ಬೈಯೋಕೆ ಬೇರೆಯವರು ಬೇಕಲ್ಲ!

ನಾನು ವೀಸಾ ಮೇಲೆ ಇಲ್ಲಿಗೆ ಬಂದದ್ದು 2022ರಲ್ಲಿ. 2015ರಲ್ಲಿ ಇದೇ ಫರಾಜ್ ಪೂರ್ವ ಯುರೋಪಿನವರಿಗಿಂತ ಇಂಡಿಯಾ, ಆಸ್ಟ್ರೇಲಿಯಾದವರೇ ವಾಸಿ ಅನ್ನುವ ಅರ್ಥದಲ್ಲಿ ಮಾತಾಡಿದ್ದ. 2025ರ ಸೆಪ್ಟೆಂಬರಿನಲ್ಲಿ ಐಎಲ್ಆರ್, ಅಂದರೆ ಇಲ್ಲೇ ಕಾಯಂ ಇರುವ ಪರವಾನಗಿಯನ್ನೇ ತೆಗೆದುಹಾಕ್ತೀವಿ ಅಂದ. ಅದಕ್ಕೆ ಆಗ ಬೇಕಿದ್ದ ಐದು ವರ್ಷವನ್ನು ಕ್ಯಾಲೆಂಡರಿನಲ್ಲಿ ಎಣಿಸಿಕೊಂಡು ಕೂತ ನಮ್ಮ ಮನೆಯಲ್ಲಿ ಆವತ್ತು ಊಟ ಸೇರಲಿಲ್ಲ.

ಹಳೇ_ಲಂಡನ್ನಿಗ:
@ಬಿಸಿಬೇಳೆ, ಕಾಮನ್‌ವೆಲ್ತ್ ಲೆಕ್ಕದಲ್ಲಿ ನಿಮಗೂ ಇಲ್ಲಿ ವೋಟಿದೆ, ಗೊತ್ತಲ್ವಾ? 2016ರ ಜನಮತದಲ್ಲೂ ಇಲ್ಲಿದ್ದ ಭಾರತೀಯರಿಗೆ ವೋಟಿತ್ತು. ಪೋಲೆಂಡಿನವರಿಗೆ ಇರಲಿಲ್ಲ.

ಬಿಸಿಬೇಳೆ_ರೀಡಿಂಗ್:
ಗೊತ್ತು ಸರ್. ಪಟ್ಟಿಗೆ ಹೆಸರು ಹಾಕಿಸೋಕೆ ಮೂರು ವರ್ಷದಿಂದ ಸೋಮಾರಿತನ. ಈ ಶನಿವಾರ ಹಾಕಿಸ್ತೀನಿ.