‘ಸಭಾಧ್ಯಕ್ಷ’ ಪದದೊಳಗಿನ ಕಣ್ಣು

ಬೆಟಗೇರಿಯ ಪರಿಚಿತರ ಮನೆಯಲ್ಲಿ ಮೊನ್ನೆ ನಡೆದ ಪ್ರಾರ್ಥನೆಯಲ್ಲಿ ಬೈಬಲ್ಲಿನಲ್ಲಿ ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ (ಅಂದರೆ ಪತ್ರದ) ಮೂರನೆಯ ಅಧ್ಯಾಯವನ್ನು ಓದಿದರು. ಸಭಾಧ್ಯಕ್ಷನಾಗುವವನು ನಿಂದೆಗೆ ಒಳಗಾಗದವನೂ ಒಬ್ಬಳೇ ಹೆಂಡತಿಯುಳ್ಳವನೂ ಅತಿಥಿಗಳನ್ನು ಸತ್ಕರಿಸುವವನೂ ಆಗಿರಬೇಕೆಂಬ ಮಾತು ಬಂದಾಗ, ಅಲ್ಲಿಗೆ ಬಂದಿದ್ದ ಪದವಿ ವಿದ್ಯಾರ್ಥಿಯೊಬ್ಬ, ಒಂದು ಸಂಜೆಯ ಸಭೆಗೆ ಅಧ್ಯಕ್ಷನಾಗುವವನಿಗೆ ಇಷ್ಟು ಷರತ್ತುಗಳೇಕೆ ಎಂದು ಕೇಳಿದ. ಅವನ ಪ್ರಶ್ನೆ ಸಹಜವಾದುದೇ. ಆಮಂತ್ರಣ ಪತ್ರಿಕೆಗಳಲ್ಲಿ ನಾವು ದಿನವೂ ಕಾಣುವ ಅಧ್ಯಕ್ಷರು ವೇದಿಕೆಯ ನಡುವಿನ ಕುರ್ಚಿಯಲ್ಲಿ ಕುಳಿತು ಕೊನೆಗೆ ಮಾತನಾಡುವವರು. ಬೈಬಲ್ಲಿನ ಆ ಪತ್ರಿಕೆಯ ‘ಸಭೆ’ಯಾದರೋ ಕ್ರೈಸ್ತ ವಿಶ್ವಾಸಿಗಳ ಸಮುದಾಯ, ಅದರ ‘ಅಧ್ಯಕ್ಷ’ ಎಂದರೆ ಇಂದು ನಾವು ಬಿಷಪ್ ಎನ್ನುವ ಪದವಿಯ ಮೂಲರೂಪ.

ಮೂಲ ಗ್ರೀಕ್ ಪದ ‘ಎಪಿಸ್ಕೊಪೊಸ್’. ‘ಎಪಿ’ ಎಂದರೆ ಮೇಲೆ, ‘ಸ್ಕೊಪೊಸ್’ ಎಂದರೆ ನೋಡುವವನು. ಟೆಲಿಸ್ಕೋಪು, ಮೈಕ್ರೋಸ್ಕೋಪುಗಳಲ್ಲಿ ಇರುವುದೂ ಇದೇ ಧಾತು. ಕ್ರೈಸ್ತ ಧರ್ಮಕ್ಕಿಂತ ಮೊದಲೇ, ಅಥೆನ್ಸ್ ನಗರವು ತನ್ನ ಅಧೀನ ನಗರಗಳ ಮೇಲ್ವಿಚಾರಣೆಗೆ ಕಳುಹಿಸುತ್ತಿದ್ದ ಅಧಿಕಾರಿಗಳಿಗೆ ಈ ಹೆಸರಿತ್ತು. ಲ್ಯಾಟಿನ್ನಿನಲ್ಲಿ ‘ಎಪಿಸ್ಕೋಪುಸ್’ ಆದ ಪದವು ಮೊದಲ ಸ್ವರವನ್ನು ಕಳೆದುಕೊಂಡು ಹಳೆಯ ಇಂಗ್ಲಿಷಿನಲ್ಲಿ ‘ಬಿಸ್ಕೊಪ್’, ಅದರಿಂದ ‘ಬಿಷಪ್’, ಪೋರ್ಚುಗೀಸಿನಲ್ಲಿ ‘ಬಿಸ್ಪು’ ಆಯಿತು; ಕರಾವಳಿಯ ಕೊಂಕಣಿ ಕಥೋಲಿಕರು ‘ಬಿಸ್ಪ’ ಎನ್ನುವುದು ಈ ಪೋರ್ಚುಗೀಸ್ ರೂಪದಿಂದ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಕನ್ನಡ ಬೈಬಲ್ ಆರಿಸಿಕೊಂಡ ‘ಅಧ್ಯಕ್ಷ’ ಎಂಬ ಪದ. ಇದರಲ್ಲಿ ‘ಅಧಿ’ ಎಂದರೆ ಮೇಲೆ, ‘ಅಕ್ಷ’ ಎಂದರೆ ಕಣ್ಣು. ಪ್ರತ್ಯಕ್ಷ, ಪರೋಕ್ಷ, ಗವಾಕ್ಷಗಳಲ್ಲಿ ಇರುವ ಕಣ್ಣೇ ಇದು. ಅಮರಕೋಶವು ಅಧ್ಯಕ್ಷ ಶಬ್ದಕ್ಕೆ ‘ಪ್ರತ್ಯಕ್ಷ’ ಮತ್ತು ‘ಅಧಿಕೃತ’ ಎಂದು ಎರಡು ಅರ್ಥಗಳನ್ನು ಹೇಳುತ್ತದೆ. ಋಗ್ವೇದದ ನಾಸದೀಯ ಸೂಕ್ತದ ಕೊನೆಯ ಮಂತ್ರದಲ್ಲಿ ಪರಮವ್ಯೋಮದಲ್ಲಿದ್ದು ಈ ಸೃಷ್ಟಿಯನ್ನು ನೋಡುವವನು ಅಧ್ಯಕ್ಷ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಸುಂಕ, ಬೇಸಾಯ, ಚಿನ್ನ ಮೊದಲಾದವುಗಳ ಮೇಲೆ ಕಣ್ಣಿಟ್ಟಿರುವವರು ಶುಲ್ಕಾಧ್ಯಕ್ಷ, ಸೀತಾಧ್ಯಕ್ಷ, ಸುವರ್ಣಾಧ್ಯಕ್ಷರು. ಗ್ರೀಕಿನ ‘ಎಪಿ-ಸ್ಕೊಪೊಸ್’ ಮತ್ತು ಸಂಸ್ಕೃತದ ‘ಅಧಿ-ಅಕ್ಷ’ ಹೀಗೆ ಒಂದಕ್ಕೊಂದು ತುಂಡುತುಂಡಾಗಿ ಹೊಂದುತ್ತವೆ. ಇದಕ್ಕಿಂತ ನಿಖರವಾದ ಅನುವಾದ ಸಾಧ್ಯವಿರಲಿಲ್ಲವೆಂದೇ ನನ್ನ ಅಭಿಪ್ರಾಯ. ಆದರೆ ಅಧ್ಯಕ್ಷನು ನೋಡುವವನಾಗಿ ಉಳಿಯದೆ ಕುಳಿತುಕೊಳ್ಳುವವನಾದ ಮೇಲೆ ಆ ಕಣ್ಣು ನಮಗೆ ಕಾಣದಾಗಿದೆ.

ಸಭೆಯ ಇತರ ಪದವಿಗಳ ಹೆಸರುಗಳ ವಿಷಯವನ್ನು ಚುಟುಕಾಗಿ ಹೇಳುವುದಾದರೆ, ಗ್ರೀಕಿನ ‘ಪ್ರೆಸ್ಬುತೆರೊಸ್’ ಎಂಬುದು ‘ಹಿರಿಯ’, ‘ದಿಯಾಕೊನೊಸ್’ ಎಂಬುದು ‘ಸಭಾಸೇವಕ’, ಮತ್ತು ‘ಪಾದ್ರಿ’ ಎಂಬುದು ತಂದೆ ಎಂಬರ್ಥದ ಪೋರ್ಚುಗೀಸ್ ‘ಪಾದ್ರೆ’ಯಿಂದ ಬಂದದ್ದು. ಬೈಬಲ್ಲಿನ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದ 20ನೆಯ ಅಧ್ಯಾಯದಲ್ಲಿ ಎಫೆಸದಿಂದ ಕರೆಸಿದ ‘ಹಿರಿಯ’ರನ್ನೇ ಮುಂದೆ ‘ಅಧ್ಯಕ್ಷ’ರೆಂದು ಸಂಬೋಧಿಸಿರುವುದರಿಂದ, ಮೊದಲಿಗೆ ಇವೆರಡೂ ಒಂದೇ ಜನರನ್ನು ಸೂಚಿಸುತ್ತಿದ್ದವೆಂದು ತಿಳಿಯುತ್ತದೆ. ಎರಡನೆಯ ಶತಮಾನದ ಆರಂಭದಲ್ಲಿ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸನು ಬರೆದ ಪತ್ರಗಳ ವೇಳೆಗೆ ಒಬ್ಬ ಎಪಿಸ್ಕೊಪೊಸ್, ಅವನ ಕೆಳಗೆ ಹಿರಿಯರು ಎಂಬ ಶ್ರೇಣಿ ಸ್ಪಷ್ಟವಾಗುತ್ತದೆ.

ನಮ್ಮ ಭಾಗದ ಮಟ್ಟಿಗೆ ಒಂದು ಮಾತು ಗಮನಾರ್ಹ. 1837ರಲ್ಲಿ ಧಾರವಾಡಕ್ಕೂ ಆಮೇಲೆ ಹುಬ್ಬಳ್ಳಿ, ಬೆಟಗೇರಿಗಳಿಗೂ ಬಂದ, ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಶನ್ನಿನಲ್ಲಿ ಬಿಷಪ್ ಪದವಿಯೇ ಇರಲಿಲ್ಲ. 1947ರ ಸೆಪ್ಟೆಂಬರ್ 27ರಂದು ಸ್ಥಾಪನೆಯಾದ ದಕ್ಷಿಣ ಭಾರತ ಸಭೆಯಲ್ಲಿ (ಸಿ.ಎಸ್.ಐ.) ಇಲ್ಲಿನ ಮಿಶನ್ ಸಭೆಗಳು ಮುಂದೆ ಸೇರಿಕೊಂಡ ಮೇಲೆ ಆ ಪದವಿ ಅವರದೂ ಆಯಿತು. ಹಾಗಾಗಿ ಈ ಸಭೆಗಳವರು ‘ಸಭಾಧ್ಯಕ್ಷ’ ಎಂಬ ಪದವನ್ನು ಬಹುಕಾಲ ಗ್ರಂಥದಲ್ಲಿ ಓದಿದರೇ ಹೊರತು ತಮ್ಮ ನಡುವಿನ ಒಬ್ಬರನ್ನು ಹಾಗೆ ಕರೆಯುವ ಸಂದರ್ಭ ಅವರಿಗೆ ಇರಲಿಲ್ಲ. ಪದವಿ ಬಂದಾಗ ನಾಲಿಗೆಯ ಮೇಲೆ ನಿಂತದ್ದು ‘ಬಿಷಪ್’. ಕಥೋಲಿಕರ ಬರಹದಲ್ಲಿ ‘ಧರ್ಮಾಧ್ಯಕ್ಷ’.

ಆ ಹುಡುಗನಿಗೆ ನಾನು ‘ಮೇಲ್ವಿಚಾರಕ’ ಎಂದು ಬಿಡಿಸಿ ಹೇಳಿದೆ. ಮೊದಲಿಗೆ ಇದು ಕಾರ್ಖಾನೆಯ ಪದವೆನಿಸಿತು, ಅದರಲ್ಲಿ ಕಣ್ಣೂ ಇಲ್ಲ. ಆದರೆ ಗ್ರೀಕಿನಲ್ಲಿ ಇದೇ ಧಾತುವಿಗೆ ಸೇರಿದ ಕ್ರಿಯಾಪದವನ್ನು ಯಾಕೋಬನ ಪತ್ರಿಕೆಯು ಅನಾಥರನ್ನೂ ವಿಧವೆಯರನ್ನೂ ಕಂಡು ನೋಡಿಕೊಳ್ಳುವುದಕ್ಕೆ ಬಳಸಿದೆ. ನಮ್ಮಲ್ಲಿಯೂ ‘ವಿಚಾರಿಸಿಕೊಳ್ಳುವುದು’ ಎಂದರೆ ಕ್ಷೇಮ ಕೇಳಿ ಆರೈಕೆ ಮಾಡುವುದು ಎಂಬ ಅರ್ಥವಿದೆ. ‘ಕಣ್ಗಾವಲು’ ಎಂದರೆ ಸಂಶಯದ ವಾಸನೆ ಬರುತ್ತದೆ. ಧಾರವಾಡದ ಕಡೆ ಮನೆಯಲ್ಲಿ ಮಕ್ಕಳನ್ನು ಬಿಟ್ಟು ಹೊರಡುವಾಗ ನೆರೆಯವರಿಗೆ ‘ಸ್ವಲ್ಪ ಮ್ಯಾಲೆ ಕಣ್ಣಿಟ್ಟಿರ್ರಿ’ ಎನ್ನುತ್ತೇವೆ. ಹಾಗೆ ಕಣ್ಣಿಟ್ಟಿರುವವರನ್ನು ಕರೆಯುವ ನಾಮಪದವೊಂದು ನಿಮ್ಮ ಊರಿನ ಮಾತಿನಲ್ಲಿ ಇದ್ದರೆ, ಯಾವ ಸಂದರ್ಭದಲ್ಲಿ ಬಳಸುತ್ತೀರಿ ಎಂಬುದರ ಸಹಿತ ದಯವಿಟ್ಟು ತಿಳಿಸಿರಿ.